ವೃದ್ಧಾಶ್ರಮದ ಕೋಣೆಗೆ ಚಿಲಕ ಬೇಡವೇ?

ಈ ವಿಷಯವನ್ನೆತ್ತಿದೊಡನೆ ಕೆಲವರು ನಗುವರು, ಕೆಲವರು ಮುಖ ತಿರುಗಿಸುವರು. ಅರವತ್ತು ದಾಟಿದ ಉಪಾಧ್ಯಾಯನಿಗೆ ಎರಡೂ ಬಾಧಕವಲ್ಲ. ವೃದ್ಧಾಶ್ರಮ ಸೇರಿದ ಸ್ತ್ರೀಪುರುಷರಿಗೆ ದಾಂಪತ್ಯಸುಖವು ಸಲ್ಲದೆಂಬ ಕಟ್ಟಳೆಯು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ.

"ವಾನಪ್ರಸ್ಥರಿಗೆ ಕಾಮವೇತಕ್ಕೆ?" ಎಂದು ಶಾಸ್ತ್ರವನ್ನು ಮುಂದೊಡ್ಡುವವರುಂಟು. ಅವರು ಮನುಸ್ಮೃತಿಯ ಆರನೆಯ ಅಧ್ಯಾಯವನ್ನು ಬಿಚ್ಚಿ ನೋಡಲಿ. ವನಕ್ಕೆ ಹೊರಟವನು ಪತ್ನಿಯನ್ನು ಮಕ್ಕಳಿಗೊಪ್ಪಿಸಬಹುದು, ಇಲ್ಲವೇ ಜೊತೆಯಲ್ಲಿಯೇ ಕರೆದೊಯ್ಯಬಹುದೆಂದು ಅಲ್ಲಿದೆ. ಅಲ್ಲಿಯೇ ಬ್ರಹ್ಮಚರ್ಯವನ್ನೂ ವಿಧಿಸಿದೆಯಲ್ಲಾ ಎಂದರೆ, ಅಹುದು. ಆದರೆ ಅದು ತಾನಾಗಿ ಕೈಗೊಂಡ ವ್ರತ. ನಮ್ಮ ಸೊನ್ನದಂಥ ಭೀಮಾತೀರದ ಊರುಗಳಿಂದ ಮಕ್ಕಳು ಪುಣೆ, ಮುಂಬಯಿ, ಬೆಂಗಳೂರಿಗೆ ದುಡಿಯಹೋಗಿ, ಹಿಂದುಳಿದ ಮುದುಕರು ಆಶ್ರಮ ಸೇರಿದರೆ ಅವರು ವ್ರತಸ್ಥರಾದರೇ? ಮೇಲ್ವಿಚಾರಕನು ಕಾವಲಿಟ್ಟು ಮಾಡಿಸಿದ ಬ್ರಹ್ಮಚರ್ಯಕ್ಕೆ ಪುಣ್ಯವೆಲ್ಲಿಯದು?

ಇನ್ನು ಕಾನೂನು. 2007ರ ಹಿರಿಯ ನಾಗರಿಕರ ಅಧಿನಿಯಮದ 19ನೆಯ ಕಲಮು ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕರಿಗೆ ಸ್ಥಳ ಎನ್ನುತ್ತದೆ. ವೈದ್ಯೋಪಚಾರವನ್ನೂ ಮನರಂಜನೆಯನ್ನೂ ಹೆಸರಿಸುತ್ತದೆ. ಗಂಡಹೆಂಡಿರ ಏಕಾಂತದ ಮಾತು ಆ ಕಲಮಿನಲ್ಲಿಲ್ಲ. ನಾಲ್ವತ್ತು ವರ್ಷ ಒಂದೇ ಸೂರಿನಡಿ ಮಲಗಿದವರನ್ನು ಗಂಡಸರ ಸಾಲು, ಹೆಂಗಸರ ಸಾಲು ಎಂದು ಬೇರ್ಪಡಿಸಿ, ಸಂಜೆ ಭಜನೆ ಹಾಡಿಸಿದರೆ ಮನರಂಜನೆಯಾಯಿತೆ?

ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ಮೀರಿದ ವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಒಬ್ಬ ವೃದ್ಧನು ದೇಶಕ್ಕೆಲ್ಲ ಗಳಿಸಿಕೊಟ್ಟ ಈ ಹಕ್ಕು ವೃದ್ಧಾಶ್ರಮದ ಹೊಸ್ತಿಲಲ್ಲಿ ಕಳಚಿಡತಕ್ಕ ಪಾದರಕ್ಷೆಯೇ?

ಒಂಟಿಯಾದವರ ಗತಿಯೇನೆಂದು ಕೇಳುವಿರಾದರೆ, ಕೇರಳದ ಕಡೆ ನೋಡಿರಿ. ತ್ರಿಶೂರಿನ ರಾಮವರ್ಮಪುರದ ಸರ್ಕಾರಿ ವೃದ್ಧಾಶ್ರಮದಲ್ಲಿ 2019ರ ಡಿಸೆಂಬರಿನಲ್ಲಿ ಅರವತ್ತು ದಾಟಿದ ಇಬ್ಬರಿಗೆ ಮದುವೆಯಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಆಸ್ತಿ ಪಾಲಾದೀತೆಂಬ ಮಕ್ಕಳ ಭಯಕ್ಕೆ ಉಯಿಲಿದೆ. ತಂದೆತಾಯಿಗಳ ಒಂಟಿತನವು ಅದಕ್ಕೆ ಮದ್ದಲ್ಲ. ಒಂದು ಆಕ್ಷೇಪಣೆ ಮಾತ್ರ ಗಟ್ಟಿಯಾದುದು: ಮರೆವಿನ ರೋಗಕ್ಕೆ ತುತ್ತಾದವರು, ಅಶಕ್ತರು ಬಲಾತ್ಕಾರಕ್ಕೆ ಸಿಕ್ಕಾರು. ನಿಜ, ಒಪ್ಪಿಗೆಯಿಲ್ಲದ ಸ್ಪರ್ಶವು ಯಾವ ವಯಸ್ಸಿನಲ್ಲಿಯೂ ಅಪರಾಧವೇ. ಅಂಥವರನ್ನು ಕಣ್ಣಿಟ್ಟು ಕಾಯತಕ್ಕದ್ದು. ಆದರೆ ಕೆಲವರ ರಕ್ಷಣೆಯ ನೆಪದಿಂದ ಎಲ್ಲರನ್ನೂ ಕೂಸುಗಳೆಂದೆಣಿಸುವುದು ಸಲ್ಲದು.

ನಾವು ಬೇಡುವುದು ಸ್ವಲ್ಪವೇ. ದಂಪತಿಗಳಿಗೊಂದು ಕೋಣೆ, ಆ ಕೋಣೆಗೊಂದು ಒಳಚಿಲಕ, ಒಳಬರುವ ಮುನ್ನ ಕದ ತಟ್ಟುವ ಮರ್ಯಾದೆ. ಇದನ್ನು ಇಂದು ಇತರರಿಗೆ ನಿರಾಕರಿಸುವವರು, ನಾಳೆ ಆ ಕೋಣೆಯಲ್ಲಿ ತಾವೇ ಇರಬಹುದೆಂಬುದನ್ನು ಮರೆಯದಿರಲಿ.