ಅಂಜನ, ಮೊಬೈಲ್ ಮತ್ತು ನಮ್ಮ ನಗು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬನ ಮೊಬೈಲ್ ಕಳೆದುಹೋಯ್ತು. ಇಎಂಐ ಕೂಡ ಮುಗಿದಿರಲಿಲ್ಲ. ಕಂಪ್ಲೇಂಟ್ ಕೊಟ್ಟಾಯ್ತು, ಲೊಕೇಶನ್ ನೋಡಿದ್ವಿ, ಫೋನ್ ಸ್ವಿಚ್ ಆಫ್. ಶನಿವಾರ ಊರಿಗೆ ಹೋದವನು ಅಲ್ಲಿ ಅಂಜನ ಹಾಕಿಸಿಕೊಂಡು ಬಂದ. ನಮಗೆ ಹೇಳಲಿಲ್ಲ. ಯಾಕೆ ಹೇಳ್ತಾನೆ? ಫಸ್ಟ್ ಇಯರ್‌ನಲ್ಲಿ ಅವನ ತೋಳಿನ ತಾಯತ ನೋಡಿ "ಇದಕ್ಕೆ ಪಾಸ್‌ವರ್ಡ್ ಏನೋ" ಅಂತ ತಿಂಗಳುಗಟ್ಟಲೆ ಗೋಳು ಹೊಯ್ದುಕೊಂಡವರು ಅವನ ರೂಮ್‌ಮೇಟ್‌ಗಳಾದ ನಾವೇ ಮೂವರು.

ಸೋಮವಾರ ಮೆಸ್‌ನಲ್ಲಿ ಬಡಿಸುವ ಹುಡುಗನೊಬ್ಬನ ಬ್ಯಾಗ್ ತೆಗೆಸಿ ನೋಡಿದರು. ಏನೋ ಸುಳಿವು ಸಿಕ್ಕಿರಬೇಕು ಅಂದುಕೊಂಡು ನಾವೂ ನೋಡ್ತಾ ನಿಂತಿದ್ವಿ. ಎರಡು ಶರ್ಟು, ಒಂದು ಟವೆಲ್, ಒಂದು ಚಾರ್ಜರ್. ಚಾರ್ಜರ್ ಯಾರದು ಅಂತ ಎರಡೆರಡು ಸಲ ಕೇಳಿದರು. ಆ ವಾರವೇ ಅವನು ಕೆಲಸ ಬಿಟ್ಟು ಹೋದ. ಮೊಬೈಲ್ ಇವತ್ತಿಗೂ ಸಿಕ್ಕಿಲ್ಲ. ಸುಳಿವು ಕೊಟ್ಟಿದ್ದು ಅಂಜನ ಅಂತ ನಮಗೆ ಗೊತ್ತಾಗಿದ್ದು ಆಮೇಲೆ.

ಗೊತ್ತಿಲ್ಲದವರಿಗೆ: ವೀಳ್ಯದೆಲೆಗೋ ಉಗುರಿಗೋ ಕಪ್ಪು ಲೇಪ ಹಚ್ಚಿ, ಅದನ್ನೇ ದಿಟ್ಟಿಸಿ ನೋಡಿದರೆ ಕದ್ದವರು ಕಾಣ್ತಾರೆ ಅನ್ನೋದು ಅಂಜನ. ಹೊಳೆಯುವ ಕಪ್ಪು ಮೇಲ್ಮೈಯನ್ನು ಸುಮ್ಮನೆ ನೋಡ್ತಾ ಕೂತರೆ ಯಾರಿಗಾದರೂ ಏನೋ ಆಕಾರ ಕಂಡಂತಾಗುತ್ತೆ. ಮೋಡದಲ್ಲಿ ಆನೆ ಕಾಣಲ್ವಾ, ಹಾಗೆ. ಆದರೆ ಅಸಲಿ ಕೆಲಸ ನಡೆಯೋದು ಅದಕ್ಕೂ ಮುಂಚೆ. ಎಲ್ಲಿ ಇಟ್ಟಿದ್ದೆ, ರೂಮಿಗೆ ಯಾರ್ಯಾರು ಬರ್ತಾರೆ, ನಿನಗೆ ಯಾರ ಮೇಲಾದರೂ ಅನುಮಾನ ಇದೆಯಾ? ಇವನೇ ಎಲ್ಲ ಹೇಳಿದ್ದ. "ಅನ್ನದ ಹತ್ತಿರ ಓಡಾಡೋನು" ಅಂತ ಅವರು ಹೇಳಿದಾಗ ಇವನಿಗೆ ಮೈ ಜುಂ ಅಂತಂತೆ. ತಾನು ಕೊಟ್ಟ ಇನ್‌ಪುಟ್ಟೇ ಔಟ್‌ಪುಟ್ ಆಗಿ ವಾಪಸ್ ಬಂದಿದ್ದು ಹೊಳೆಯಲಿಲ್ಲ.

ಈಗ ವಿಷಯಕ್ಕೆ ಬರೋಣ. ಇಂಥದ್ದನ್ನು ನಂಬುವವರನ್ನು ಎದುರಾಬದುರು ಪ್ರಶ್ನೆ ಮಾಡಬೇಕಾ? "ನಂಬಿಕೆ ಅವರವರ ಪಾಡು, ಬಿಟ್ಟುಬಿಡಿ" ಅನ್ನೋರು ನಮ್ಮ ಕ್ಲಾಸಲ್ಲಿ ಜಾಸ್ತಿ. ಆ ಮೆಸ್ ಹುಡುಗ ಅಂಜನ ನಂಬ್ತಾನಾ ಇಲ್ವಾ ಅಂತ ಯಾರೂ ಕೇಳಿರಲಿಲ್ಲ. ಆದ್ದರಿಂದ ಆ ಮಾತು ನಮಗೆ ಒಪ್ಪಿಗೆ ಇಲ್ಲ. ಪ್ರಶ್ನೆ ಮಾಡಲೇಬೇಕು. ಆದರೆ ಯಾರನ್ನ?

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಒಂದು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ನಿಮ್ಮ ಪವಾಡಗಳನ್ನು ಪರೀಕ್ಷೆ ಮಾಡೋಕೆ ಅವಕಾಶ ಕೊಡಿ ಅಂತ ಕೇಳಿದರು. ಉತ್ತರ ಬರಲಿಲ್ಲ. ದೊಡ್ಡ ಗಲಾಟೆ ಆಯ್ತು. ನಮಗೆ ಇದರಲ್ಲಿ ಹಿಡಿಸಿದ್ದು ವಿಳಾಸ. ಪತ್ರ ಹೋಗಿದ್ದು ಪವಾಡ ಮಾಡ್ತೀನಿ ಅನ್ನೋರಿಗೆ, ಸಾಲಲ್ಲಿ ನಿಂತು ಕೈಮುಗಿಯೋರಿಗಲ್ಲ.

ಇಸಿ ಬ್ರಾಂಚ್‌ನವರಿಗೆ ಇನ್ನೊಂದು ಕಥೆ. ಅಮೆರಿಕದಲ್ಲಿ ಪೀಟರ್ ಪಾಪಾಫ್ ಅಂತ ಒಬ್ಬ ಪಾದ್ರಿ ಇದ್ದ. ಸಭೆಯಲ್ಲಿ ಕೂತ ಅಪರಿಚಿತರ ಹೆಸರು, ಮನೆ ವಿಳಾಸ, ಕಾಯಿಲೆ ಎಲ್ಲ ಪಟಪಟ ಹೇಳ್ತಿದ್ದ. ದೇವರೇ ಕಿವಿಯಲ್ಲಿ ಹೇಳ್ತಾನೆ ಅಂತ ಜನ ನಂಬಿದ್ದರು. ಜಾದೂಗಾರ ಜೇಮ್ಸ್ ರಾಂಡಿಯ ತಂಡ ಸಭೆಗೆ ರೇಡಿಯೋ ಸ್ಕ್ಯಾನರ್ ತಗೊಂಡು ಹೋಯ್ತು. 39.17 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದ್ದು ಪಾಪಾಫ್‌ನ ಹೆಂಡತಿಯ ದನಿ! ಜನ ಸಭೆಗೆ ಮುಂಚೆ ತುಂಬಿಕೊಟ್ಟ ಪ್ರಾರ್ಥನೆ ಚೀಟಿಗಳ ವಿವರವನ್ನು ಆಕೆ ಗಂಡನ ಇಯರ್‌ಪೀಸ್‌ಗೆ ಓದಿ ಹೇಳ್ತಿದ್ದಳು. 1986ರಲ್ಲಿ ರಾಂಡಿ ಆ ಟೇಪನ್ನು ಟಿವಿಯಲ್ಲಿ ಹಾಕಿದ. ಮರುವರ್ಷ ಪಾಪಾಫ್ ದಿವಾಳಿ.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗೀತಿತ್ತು. ಆದರೆ ಪಾಪಾಫ್ ಆಮೇಲೆ ಟಿವಿಗೆ ವಾಪಸ್ ಬಂದ. ಅವನು ಬಿದ್ದ ಮಾತ್ರಕ್ಕೆ ಕಾಯಿಲೆಯವರ ಕಾಯಿಲೆ, ಸಾಲದವರ ಸಾಲ ಹೋಗಿರಲಿಲ್ಲವಲ್ಲ. ಹಾಗಂತ ರಾಂಡಿ ಮಾಡಿದ್ದು ದಂಡ ಅಂತ ನಮಗೆ ಅನಿಸಲ್ಲ. ಟೇಪ್ ಕೇಳಿದ ಮೇಲೆ ಬೇಕಾದರೆ ನಂಬಲಿ, ಕೇಳಿಸಿಕೊಳ್ಳುವ ಅವಕಾಶವಂತೂ ಸಿಕ್ತು.

ನಂಬುವವರ ವಿಷಯಕ್ಕೆ ಬಂದರೆ ನಮಗೆ ಮಂಗಳೂರಿನ ನರೇಂದ್ರ ನಾಯಕ್ ಅವರ ದಾರಿ ಇಷ್ಟ. 'ಪವಾಡ'ವನ್ನು ಜನರ ಮುಂದೆ ತಾವೇ ಮಾಡಿ ತೋರಿಸ್ತಾರೆ, ಆಮೇಲೆ ಹೇಗೆ ಮಾಡಿದೆ ಅಂತ ಬಿಡಿಸಿ ಹೇಳ್ತಾರೆ. ಅಲ್ಲಿ ನಂಬಿದವನು ದಡ್ಡ ಅನಿಸಿಕೊಳ್ಳಲ್ಲ. ಟ್ರಿಕ್ ಚೆನ್ನಾಗಿತ್ತು, ಅಷ್ಟೇ.

ಇದೆಲ್ಲ ಹಾಸ್ಟೆಲ್ ಬೆಡ್ ಮೇಲೆ ಕೂತು ಬರೆಯೋದು ಸುಲಭ ಅಂತ ನಮಗೂ ಗೊತ್ತು. ಮೂಢನಂಬಿಕೆ ವಿರುದ್ಧ ಜೀವನವಿಡೀ ಕೆಲಸ ಮಾಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಬೆಳಗಿನ ವಾಕಿಂಗ್ ಹೊತ್ತಲ್ಲಿ ಗುಂಡಿಟ್ಟು ಕೊಂದರು. ದೊಡ್ಡವರನ್ನು ಪ್ರಶ್ನೆ ಮಾಡೋಕೆ ಧೈರ್ಯ ಬೇಕು. ಆ ಧೈರ್ಯ ಇಲ್ಲದ ನಮ್ಮಂಥವರು ಪಕ್ಕದ ಬೆಡ್‌ನವನ ತಾಯತ ನೋಡಿ ನಕ್ಕು, ಅದನ್ನೇ ವೈಚಾರಿಕತೆ ಅಂದುಕೊಂಡಿದ್ವಿ. ಆ ನಗುವಿಂದ ಆಗಿದ್ದು ಒಂದೇ: ಅವನು ನಮ್ಮಿಂದ ಮುಚ್ಚಿಡೋದು ಕಲಿತ. ಅವತ್ತು ಹೊರಡುವಾಗ "ಅಂಜನಕ್ಕೆ ಹೋಗ್ತಿದೀನಿ" ಅಂದಿದ್ದರೆ ಜೊತೆಗೆ ಒಬ್ಬರಾದರೂ ಹೋಗ್ತಿದ್ವಿ. ಕನಿಷ್ಠ ಆ ಬ್ಯಾಗ್ ತೆಗೆಯೋ ಹೊತ್ತಲ್ಲಿ ಅಡ್ಡ ಬಾಯಿ ಹಾಕ್ತಿದ್ವಿ. (ನಮ್ಮಲ್ಲೊಬ್ಬ ಇದನ್ನು ಒಪ್ಪಲ್ಲ. ನಗದೇ ಇದ್ದರೆ ಯಾರೂ ಬದಲಾಗಲ್ಲ ಅಂತಾನೆ. ಅವನ ವಾದ ಅವನಿಗಿರಲಿ.)

ಹೋದ ತಿಂಗಳು ಅವನ ಅಜ್ಜಿಯ ಓಲೆ ಕಾಣೆಯಾಯ್ತು. ಮನೆಯವರು ಮತ್ತೆ ಅಲ್ಲಿಗೇ ಹೊರಟಿದ್ದಾರೆ ಅಂತ ರಾತ್ರಿ ಅವನೇ ಬಂದು ಹೇಳಿದ. ಈ ಸಲ ಯಾರೂ ನಗಲಿಲ್ಲ. ಹೋಗಲಿ, ಆದರೆ ಅವರು ಏನೇ ಕೇಳಿದರೂ ಇವರು ಏನೂ ಹೇಳಬಾರದು, ಅವರೇ ಕಂಡು ಹೇಳಲಿ ಅಂದ್ವಿ. ಅವನು ಸ್ವಲ್ಪ ಯೋಚಿಸಿ ಅಮ್ಮನಿಗೆ ಫೋನ್ ಮಾಡಿದ. "ಅಮ್ಮಾ, ಅವರು ಯಾರ ಮೇಲಾದರೂ ಅನುಮಾನ ಇದೆಯಾ ಅಂತ ಕೇಳ್ತಾರೆ. ಮನೆ ಕೆಲಸದವರ ಹೆಸರು ಮಾತ್ರ ಹೇಳಬೇಡ."