ಸಾವಿಗೆ ಜಯಕಾರ, ಬದುಕಿಗೆ ಅಲೆದಾಟ

ಸೈನಿಕನ ಪಾರ್ಥಿವ ಶರೀರ ಊರಿಗೆ ಬರುವ ದಿನ ನಮ್ಮ ದೇಶಭಕ್ತಿ ಉಕ್ಕಿ ಹರಿಯುತ್ತದೆ. ರಸ್ತೆಯ ಇಕ್ಕೆಲಗಳಲ್ಲಿ ನಿಂತು ಹೂ ಎರಚುತ್ತೇವೆ, ‘ಅಮರ್ ರಹೇ’ ಎಂದು ಗಂಟಲು ಹರಿಯುವಂತೆ ಕೂಗುತ್ತೇವೆ, ಮೊಬೈಲ್‌ನಲ್ಲಿ ಚಿತ್ರ ಹಿಡಿದು ಸ್ಟೇಟಸ್‌ಗೆ ಹಾಕುತ್ತೇವೆ. ಮುಖಂಡರು ಬಂದು ನಿವೇಶನ, ಜಮೀನು, ಮನೆಯವರಿಗೊಂದು ನೌಕರಿ ಎಂದು ಮಾತು ಕೊಡುತ್ತಾರೆ. ತಿಥಿ ಮುಗಿಯುವ ಹೊತ್ತಿಗೆ ಫ್ಲೆಕ್ಸ್ ಬಿಸಿಲಿಗೆ ಮಾಸಿರುತ್ತದೆ. ಕೊಟ್ಟ ಮಾತನ್ನು ನೆನಪಿಸಲು ಆ ಮನೆಯ ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಅಲೆಯತೊಡಗಿರುತ್ತಾಳೆ. ಇದೆಲ್ಲ ನಮಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೇವೆ. ನಮ್ಮ ಅಪರಾಧ ಇರುವುದೇ ಅಲ್ಲಿ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ದಿನಗಟ್ಟಲೆ ಹಿಮದಡಿ ಇದ್ದೂ ಜೀವ ಹಿಡಿದುಕೊಂಡು ಸಿಕ್ಕಾಗ ಇಡೀ ದೇಶ ಹರಕೆ ಹೊತ್ತಿತು. ಅದೇ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹರಕೆ ಹೊತ್ತ ನಾವು ಅದಕ್ಕೆ ಮೊದಲೂ ಆಮೇಲೂ ಆ ಹಿಮರಾಶಿಯ ಬಗ್ಗೆ ಎಷ್ಟು ಸಲ ಯೋಚಿಸಿದ್ದೇವೆ? 1984ರ ಏಪ್ರಿಲ್‌ನಿಂದ ಅಲ್ಲಿ ನಮ್ಮ ಪಹರೆ ನಿಂತಿಲ್ಲ. ಮೈನಸ್ 50 ಡಿಗ್ರಿಗೆ ಇಳಿಯುವ ಚಳಿ, ಉಸಿರಿಗೆ ಸಾಲದ ಗಾಳಿ ಮತ್ತು ಹಿಮಕುಸಿತ ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿವೆ. ಇವತ್ತು ರಾತ್ರಿಯೂ ಅಲ್ಲಿ ಯಾರದೋ ಮಗ ಕಾವಲಿದ್ದಾನೆ. ಅವನು ಸತ್ತ ಹೊರತು ನಾವು ಅವನ ಹೆಸರು ಕೇಳುವುದಿಲ್ಲ.

ಸೈನ್ಯದ ಬದುಕೆಂದರೆ ಬರೀ ಸಂಕಟ ಎನ್ನುವುದು ಆ ವೃತ್ತಿಗೆ ಮಾಡುವ ಅವಮಾನ. ಮಳೆ ನಂಬಿದ ಹೊಲಗಳ ಮಕ್ಕಳಿಗೆ ಅದು ತಿಂಗಳ ಸಂಬಳ, 15 ವರ್ಷ ದುಡಿದವರಿಗೆ ಪಿಂಚಣಿ, ನಿವೃತ್ತಿಯ ನಂತರವೂ ಚಿಕಿತ್ಸೆ, ಕ್ಯಾಂಟೀನ್ ಸೌಲಭ್ಯ ಕೊಟ್ಟಿದೆ. ತನ್ನ ಜಿಲ್ಲೆ ದಾಟದ ಹುಡುಗ ಹತ್ತು ಭಾಷೆಯವರೊಡನೆ ಒಂದೇ ಲಂಗರಿನಲ್ಲಿ ಉಂಡು, ಪಕ್ಕದವನ ಪ್ರಾಣಕ್ಕೆ ತಾನೇ ಹೊಣೆ ಎಂಬುದನ್ನು ಕಲಿತಿದ್ದಾನೆ. ಈ ಲಾಭಗಳನ್ನು ನಾವು ಬೆರಳು ಮಡಚಿ ಲೆಕ್ಕ ಹಾಕುತ್ತೇವೆ, ಅವುಗಳ ಬೆಲೆಯನ್ನು ಕೇಳುವುದಿಲ್ಲ. ಮಗು ಹುಟ್ಟಿದಾಗ ಅವನಿಲ್ಲ, ಅಪ್ಪ ಕಣ್ಮುಚ್ಚಿದಾಗ ಅವನಿಲ್ಲ. ಪಕ್ಕದ ಜಮೀನಿನವನು ಬದು ಒತ್ತಿದಾಗಲೂ ಅವನಿಲ್ಲ. ಜವಾನನಿಗೆ ವರ್ಷಕ್ಕೆ ಸಿಗುವ 60 ದಿನಗಳ ವಾರ್ಷಿಕ ರಜೆಯಲ್ಲಿ ಎಷ್ಟೋ ದಿನ ಪಹಣಿ ತಿದ್ದಿಸಲು, ಸರ್ವೆಯವರನ್ನು ಕಾಯಲು ಕಳೆದುಹೋಗುತ್ತವೆ. ಗಡಿಯಲ್ಲಿ ದೇಶದ ನೆಲ ಕಾಯುವವನ ಎರಡೆಕರೆ ಕಾಯಲು ಅವನ ಊರಿನಲ್ಲಿ ಜನರಿಲ್ಲ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಕೊಡಗಿನ ಮನೆಗಳಲ್ಲಿ ಮಗನನ್ನು ಸೈನ್ಯಕ್ಕೆ ಕಳಿಸುವುದು ಮನೆತನದ ಮರ್ಯಾದೆಯಾಗಿತ್ತು. 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರು ತಮ್ಮ ಮಗನನ್ನು ವಾಯುಪಡೆಗೆ ಕೊಟ್ಟಿದ್ದರು. 1965ರ ಯುದ್ಧದಲ್ಲಿ ಆ ಮಗ ಸೆರೆಸಿಕ್ಕಾಗ ಅವನಿಗೊಂದು ವಿಶೇಷ ರಿಯಾಯಿತಿಯನ್ನು ಅವರು ಬಯಸಲಿಲ್ಲ. ಜನರಲ್ ತಿಮ್ಮಯ್ಯ ನಿವೃತ್ತಿಯ ನಂತರವೂ ವಿಶ್ವಸಂಸ್ಥೆಯ ಶಾಂತಿಪಡೆಯ ಹೊಣೆ ಹೊತ್ತು, ಅದೇ ವರ್ಷದ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ಕರ್ತವ್ಯದ ಮೇಲಿದ್ದಾಗಲೇ ತೀರಿಕೊಂಡರು. ಅವರು ಬೇರೆಯವರಿಂದ ಕೇಳಿದ್ದನ್ನು ಮೊದಲು ತಾವೇ ಕೊಟ್ಟರು. ನಾವು ಟಿವಿಯ ಮುಂದೆ ಕೂತು ಯುದ್ಧವೇ ಆಗಲಿ ಎನ್ನುತ್ತೇವೆ, ನಮ್ಮ ಮಕ್ಕಳನ್ನು ಸಿಇಟಿ, ನೀಟ್ ಕೋಚಿಂಗ್‌ಗೆ ಸೇರಿಸಿ ಆಮೇಲೆ ವೀಸಾಕ್ಕೆ ಸಾಲಿನಲ್ಲಿ ನಿಲ್ಲಿಸುತ್ತೇವೆ. ಹುಡುಗ ಮಿಲ್ಟ್ರಿಯಲ್ಲಿದ್ದಾನೆ ಎಂದರೆ ಹೆಣ್ಣು ಕೊಡಲು ಹಿಂದೇಟು ಹಾಕುತ್ತೇವೆ. ಯುದ್ಧ ನಮಗೆ ಬೇಕು, ಯೋಧ ಮಾತ್ರ ಪಕ್ಕದ ಮನೆಯಲ್ಲಿ ಹುಟ್ಟಬೇಕು.

ಗೌರವ ಕೊಡುವುದರಲ್ಲೂ ನಾವು ಸೋಮಾರಿಗಳು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು ಮರಳಲಿಲ್ಲ. ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿಯೇ ಅವರು ಬಿದ್ದರೆಂಬ ಸಂಗತಿ ವಿದೇಶಿ ಲೇಖಕರೊಬ್ಬರ ಪುಸ್ತಕದಿಂದ ಬೆಳಕಿಗೆ ಬರಬೇಕಾಯಿತು. ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಇಪ್ಪತ್ಮೂರು ವರ್ಷ ಅವರ ಪತ್ನಿ ಕಾದರು.

ಬದುಕಿ ಬಂದವನಿಗಾದರೂ ನಾವು ಮಾಡಿದ್ದೇನು? ಜವಾನ ನಿವೃತ್ತನಾಗುವುದು ಮೂವತ್ತು, ನಲವತ್ತರ ವಯಸ್ಸಿನಲ್ಲಿ, ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ. ಫಿರಂಗಿ, ರೇಡಾರ್ ನಡೆಸಿದ ಕೈಗಳಿಗೆ ನಾವು ಅಪಾರ್ಟ್‌ಮೆಂಟಿನ ಗೇಟು ತೆರೆಯುವ ಕೆಲಸ ಕೊಡುತ್ತೇವೆ, ಅದೇ ದೊಡ್ಡ ಉಪಕಾರವೆಂದು ತಿಳಿಯುತ್ತೇವೆ. 2022ರಲ್ಲಿ ಅಗ್ನಿಪಥ ಬಂತು: ನಾಲ್ಕು ವರ್ಷದ ಸೇವೆ, ಶೇ 25ರಷ್ಟು ಮಂದಿಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಪಿಂಚಣಿಯಿಲ್ಲದ ಇಡಿಗಂಟು. ನಾಲ್ಕರಲ್ಲಿ ಮೂವರು ಹರೆಯದಲ್ಲೇ ವಾಪಸಾಗುತ್ತಾರೆಂದು ಅಂದೇ ಗೊತ್ತಿತ್ತು. ಅವರಿಗಾಗಿ ನಮ್ಮ ಸಂಘಸಂಸ್ಥೆಗಳು, ಕಾರ್ಖಾನೆಗಳು, ಕಾಲೇಜುಗಳು ಏನು ಸಿದ್ಧಮಾಡಿವೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಪ್ರತಿ ಡಿಸೆಂಬರ್ 7ರಂದು ಧ್ವಜದ ಚೀಟಿಗೆ ಹತ್ತು ರೂಪಾಯಿ ಹಾಕಿ ಋಣ ತೀರಿತೆಂದುಕೊಳ್ಳುವವರು ನಾವು.

ಇದರ ಫಲ ನಮ್ಮ ಕಣ್ಣೆದುರಿಗಿದೆ. ಸೇನೆಯಲ್ಲಿ ಅಧಿಕಾರಿಗಳ ಕೊರತೆಯಿದೆ ಎಂದು ಸರ್ಕಾರ ಸಂಸತ್ತಿನಲ್ಲಿ ಮತ್ತೆ ಮತ್ತೆ ಒಪ್ಪಿಕೊಂಡಿದೆ. ಮಾಜಿ ಸೈನಿಕನೇ ತನ್ನ ಮಗನಿಗೆ ಈ ದಾರಿ ಬೇಡ ಎನ್ನುವ ಮನೆಗಳಿವೆ. ಕೆಲವೇ ಊರು, ಕೆಲವೇ ಮನೆಗಳ ಹೆಗಲ ಮೇಲೆ ಇಡೀ ದೇಶದ ರಕ್ಷಣೆ ಹೊರಿಸಿದ ಸಮಾಜಕ್ಕೆ ಯುದ್ಧದ ನೋವು ತಟ್ಟುವುದಿಲ್ಲ. ನೋವು ತಟ್ಟದವರು ಯುದ್ಧವನ್ನು ಹಗುರವಾಗಿ ಬಯಸುತ್ತಾರೆ, ಆ ಬಯಕೆಯ ಬೆಲೆಯನ್ನು ಮತ್ತೆ ಅದೇ ಮನೆಗಳು ತೆರುತ್ತವೆ.

ಜಯಕಾರ ಸಾಕು. ಊರಿನ ಸೈನಿಕನ ಬದು ಒತ್ತಿದವನನ್ನು ಪಂಚಾಯಿತಿಯಲ್ಲಿ ನಿಲ್ಲಿಸಿ ಕೇಳೋಣ. ಹುತಾತ್ಮನ ಮನೆಯವರ ಕಡತ ಯಾವ ಮೇಜಿನ ಮೇಲೆ ಕೂತಿದೆಯೋ ಆ ಮೇಜಿನ ಮುಂದೆ ನಾವೇ ಹೋಗಿ ನಿಲ್ಲೋಣ. ನಿವೃತ್ತನಾಗಿ ಬಂದವನಿಗೆ ಅವನ ಯೋಗ್ಯತೆಗೆ ತಕ್ಕ ಕೆಲಸ ಕೊಡೋಣ. ಮಗಳೋ ಮಗನೋ ಸೈನ್ಯಕ್ಕೆ ಹೋಗುತ್ತೇನೆಂದರೆ ಬಾಯಿ ಮುಚ್ಚಿಸದಿರೋಣ. ಇಷ್ಟೂ ಮಾಡಲಾರೆವಾದರೆ, ಇನ್ನೊಬ್ಬರ ಮಗನ ಸಾವಿನ ಮುಂದೆ ನಿಂತು ದೇಶಭಕ್ತರೆಂದು ಕರೆದುಕೊಳ್ಳುವ ಹಕ್ಕು ನಮಗಿಲ್ಲ.