ಗರಡಿಯ ಮರ್ಯಾದೆಯೂ ಮಕ್ಕಳ ಮೈಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ಊರುಗಳಲ್ಲಿ ಕರಾಟೆ ಮೊದಲಾದ ವಿದ್ಯೆಗಳ ವರ್ಗಗಳಿಗೆ ಈಗ ಮಕ್ಕಳ ಕೊರತೆಯಿಲ್ಲ. ದೊಡ್ಮನೆಯಂಥ ಹಳ್ಳಿಗಳ ತಂದೆತಾಯಿಗಳೂ ಮಕ್ಕಳನ್ನು ಬಸ್ಸು ಹತ್ತಿಸಿ ಕಳಿಸಲು ಹಿಂಜರಿಯುವದಿಲ್ಲ. ಸಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಪಾಠವೂ ಬಂದಿದೆ. ಇದು ಸಂತೋಷದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶುಲ್ಕವೆಷ್ಟು, ನಡುಪಟ್ಟಿಯ ಬಣ್ಣ ಬದಲಾಗುವದು ಯಾವಾಗ ಎಂದು ವಿಚಾರಿಸುವ ಪಾಲಕರು, ತಮ್ಮ ಮಗು ಬೀಳುವ ನೆಲ ಎಂಥದೆಂದು ವಿಚಾರಿಸಿದ್ದನ್ನು ನಾವಂತೂ ಕಂಡಿಲ್ಲ.

ನಮ್ಮ ಹಳೆಯ ಗರಡಿಗಳು ಈ ಪ್ರಶ್ನೆಗೆ ಯಾರೂ ಕೇಳದೆಯೇ ಉತ್ತರ ಕೊಟ್ಟಿದ್ದವು. ಗರಡಿಗೆ ಬಂದವನು ಪಾದರಕ್ಷೆಯನ್ನು ಹೊರಗೆ ಬಿಡುವನು; ಹನುಮಂತನಿಗೂ ವಸ್ತಾದರಿಗೂ ವಂದಿಸುವನು; ಕಣದ ಮಣ್ಣನ್ನು ಹಣೆಗೆ ಮುಟ್ಟಿಸಿಕೊಳ್ಳುವನು. ಇದೆಲ್ಲ ಬರಿಯ ಮಡಿವಂತಿಕೆಯೆಂದು ನಗುವವರುಂಟು. ಚಪ್ಪಲಿಯೊಡನೆ ಬರುವ ಹರಳು, ಮುಳ್ಳು, ಗಾಜಿನ ಚೂರುಗಳು ಬರಿಮೈಯ ಜಟ್ಟಿಯನ್ನು ಏನು ಮಾಡಬಲ್ಲವೆಂಬದನ್ನು ಅವರು ಯೋಚಿಸಿರಲಾರರು. ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಕೂಡಿಸಿ, ಗುದ್ದಲಿಯಿಂದ ಅದನ್ನು ಅಗೆದು ಸಡಿಲಿಸುವ ಕೆಲಸ ಶಿಷ್ಯರದು. ಅದು ಸೇವೆಯೂ ಹೌದು, ವ್ಯಾಯಾಮವೂ ಹೌದು, ಬೀಳುವವನ ಬೆನ್ನಿಗೆ ಹಾಸಿಗೆಯೂ ಹೌದು. ಉಂಗುರ, ಕಡಗ, ಕೊರಳಸರ ಕಳಚಿಡಬೇಕು, ಉಗುರು ಕತ್ತರಿಸಿರಬೇಕು, ಮೈಮೇಲೆ ಗಜಕರ್ಣವಿದ್ದವನು ವಾಸಿಯಾಗುವ ತನಕ ಮತ್ತೊಬ್ಬನ ಮೈ ಹಿಡಿಯಕೂಡದು. ಕಿರಿಯನೊಡನೆ ಸೆಣಸುವ ಹಿರಿಯ ಪೈಲವಾನನು ತನ್ನ ಬಲವನ್ನು ಅಳೆದು ಪ್ರಯೋಗಿಸಬೇಕು. ಮರ್ಯಾದೆಯ ಹೆಸರಿನಲ್ಲಿ ಇಲ್ಲಿ ನಡೆಯುತ್ತಿದ್ದದ್ದು ಮೈಯ ರಕ್ಷಣೆಯೇ.

ಇದು ನಿನ್ನೆ ಮೊನ್ನೆಯ ತಿಳಿವಳಿಕೆಯಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟುಗಳಿಗನುಸಾರವಾಗಿ ವಿಂಗಡಿಸಿದ್ದುಂಟು. ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗಕ್ಕಿಂತ ಉಗ್ರವಾದದ್ದು ನಮ್ಮ ನಾಡಿನಲ್ಲಿ ಮತ್ತಾವದಿದೆ? ಅಲ್ಲಿಯೂ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದ ಕ್ಷಣವೇ ಕಾಳಗ ಮುಗಿಯಿತು; ಮುಂದೆ ಒಂದು ಪೆಟ್ಟೂ ಸಲ್ಲದು. ನಿಲ್ಲಿಸಲು ಬಾರದ ಗುರುವಿಗೆ ಆರಂಭಿಸುವ ಅಧಿಕಾರವಿಲ್ಲ.

ಹೊರನಾಡಿನ ವಿದ್ಯೆಯಲ್ಲಿ ಈ ವಿವೇಕವಿಲ್ಲವೆಂದು ನಾವು ಹೇಳುವದಿಲ್ಲ. 1882ರಲ್ಲಿ ಟೋಕಿಯೋದಲ್ಲಿ ಕೊಡೋಕಾನ್ ಜೂಡೋ ಸಾಲೆಯನ್ನು ಸ್ಥಾಪಿಸಿದ ಜಿಗೊರೊ ಕಾನೋ ಅವರ ಪದ್ಧತಿಯಲ್ಲಿ ಕೆಡಹುವದಕ್ಕೆ ಮೊದಲು ಬೀಳುವದನ್ನು ಕಲಿಯಬೇಕು. ಪಟ್ಟಿಗೆ ಸಿಕ್ಕವನು ಕೈಯಿಂದ ತಟ್ಟಿದೊಡನೆ ಹಿಡಿದವನು ಬಿಟ್ಟುಬಿಡಬೇಕು; ತಟ್ಟುವದು ಅಪಮಾನವಲ್ಲ. ನಮ್ಮ ಸೀಮೆಯವರಿಗೆ ಇದು ಹೊಸದೂ ಅಲ್ಲ. ಹೆಜ್ಜೆ, ತಾಳಗಳು ಕೂಡಿ ಬರುವ ಮುನ್ನ ಹುಡುಗನಿಗೆ ಮಂಡಿ ಸುತ್ತುವದನ್ನು ಕಲಿಸುವ ಯಕ್ಷಗಾನದ ಗುರು ಉಂಟೆ? ವೇಷ ಕಟ್ಟಿದ ಮಾತ್ರಕ್ಕೆ ಕುಣಿತ ಬಾರದೆಂದು ಬಲ್ಲ ನಾವೇ, ಬಿಳಿಯ ಉಡುಪು ತೊಡಿಸಿದ ಮೊದಲ ತಿಂಗಳಲ್ಲೇ ಮಕ್ಕಳನ್ನು ಸ್ಪರ್ಧೆಗೆ ನಿಲ್ಲಿಸುವದನ್ನು ಕಂಡು ಚಪ್ಪಾಳೆ ತಟ್ಟುತ್ತೇವೆ.

ಪೆಟ್ಟು ತಿನ್ನದೆ ಧೈರ್ಯ ಬಾರದೆಂದು ವಾದಿಸುವ ಸದ್ಗೃಹಸ್ಥರಿದ್ದಾರೆ. ಮೊಣಕಾಲು ತರಚಿದರೆ ಅವರ ಮಾತು ನಡೆದೀತು. ತಲೆಯ ವಿಷಯದಲ್ಲಿ ನಡೆಯದು. ಪೆಟ್ಟು ತಗಲಿ ಕಣ್ಣು ಮಂಜಾದ, ವಾಂತಿ ಬಂದ ಇಲ್ಲವೆ ಮಾತು ತಡವರಿಸಿದ ಮಗುವನ್ನು ಕೂಡಲೆ ವೈದ್ಯರಿಗೆ ತೋರಿಸಬೇಕು. ಅವರು ಒಪ್ಪುವ ತನಕ ಮತ್ತೆ ಕಣಕ್ಕಿಳಿಸಕೂಡದು. ಮೊದಲ ಪೆಟ್ಟು ಮಾಯುವ ಮುನ್ನ ಬಿದ್ದ ಎರಡನೆಯದು, ಸಣ್ಣದಾದರೂ, ಪ್ರಾಣಕ್ಕೆ ಎರವಾಗಬಹುದು. ಕೊರಳನ್ನು ಅಮುಕುವ ಪಟ್ಟಿನಲ್ಲಿಯಂತೂ ಕೆಲವೇ ಸೆಕೆಂದುಗಳಲ್ಲಿ ಪ್ರಜ್ಞೆ ತಪ್ಪುವದು. ತಲೆಯ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವ ಸೀಮೆ ನಮ್ಮದು. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರು. ದೊಡ್ಮನೆಯ ಕಡೆಯಿಂದ, ಮಳೆಗಾಲದ ರಾತ್ರಿ, ಆ ದಾರಿ ಎಷ್ಟು ಉದ್ದವೆಂಬದನ್ನು ಇಲ್ಲಿಯವರಿಗೆ ತಿಳಿಸಬೇಕಾಗಿಲ್ಲ.

ಆದದ್ದರಿಂದ ಶಿಕ್ಷಕ ಮಹನೀಯರಲ್ಲಿ ನಮ್ಮದೊಂದು ವಿಜ್ಞಾಪನೆ. ಸಾಲೆಯ ಆವಾರದಲ್ಲಿ ಇಂಥ ವರ್ಗಕ್ಕೆ ಸ್ಥಳ ಕೊಡುವ ಮುನ್ನ ಒಂದು ದಿನ ಕೂತು ನೋಡಿರಿ. ನುಣುಪಾದ ಹಾಸುಗಲ್ಲಿನ ಮೇಲೆ ಮಕ್ಕಳನ್ನು ಕೆಡಹುತ್ತಿದ್ದರೆ, ದಪ್ಪ ಹಾಸು ಬರುವ ತನಕ ಕೆಡಹುವ ಪಾಠವನ್ನು ತಡೆಯಿರಿ. ಹತ್ತು ವರ್ಷದವನೆದುರು ಹದಿನೈದರವನನ್ನು ನಿಲ್ಲಿಸಿದರೆ ಅಲ್ಲಿಯೇ ಆಕ್ಷೇಪಿಸಿರಿ. ಹೆಣ್ಣುಮಕ್ಕಳ ವರ್ಗದಲ್ಲಿ ಸಾಲೆಯ ಅಧ್ಯಾಪಕಿಯೊಬ್ಬರು ಮೊದಲಿನಿಂದ ಕೊನೆಯ ತನಕ ಇರತಕ್ಕದ್ದು. ಪಟ್ಟು ತೋರಿಸಲು ಮೈ ಮುಟ್ಟುವ ಮುಂಚೆ ಹುಡುಗಿಯನ್ನು ಕೇಳತಕ್ಕದ್ದು. ಬೇಡವೆಂದ ಮಗುವನ್ನು ಹೇಡಿಯೆಂದು ಹಂಗಿಸತಕ್ಕದ್ದಲ್ಲ. ಇದರಿಂದ ಸಿಟ್ಟಾಗುವ ತರಬೇತುದಾರನಿದ್ದರೆ ಸಾಲೆಯ ಬಾಗಿಲನ್ನು ಅವನಿಗೆ ತೆರೆಯಬೇಡಿರಿ.